ಅಕ್ಕ ನಿಲ್ಲಿಸಿದ ನಾಟಕ

ನಾನು ಚಿಕ್ಕವನಿದ್ದಾಗ ನನಗೊಂದು ಚಟವಿತ್ತು. ಯಾರು ಯಾವ ಕಥೆ ಹೇಳಿದರೂ ‘ಮುಂದೇನಾಯ್ತು?’ ಎಂದು ಕೇಳದೆ ಬಿಡುತ್ತಿರಲಿಲ್ಲ. ರಾಜ ರಾಣಿ ಸುಖವಾಗಿದ್ದರು ಎಂದು ಕಥೆ ಮುಗಿಸಿದರೂ ನನಗೆ ಸಾಲದು. ಸುಖವಾಗಿದ್ದು ಏನು ಮಾಡಿದರು ಎಂದು ಕೇಳುತ್ತಿದ್ದೆ. ಹರಿದ ಬಲೆಯನ್ನು ಸರಿಮಾಡುತ್ತ ಕಥೆ ಹೇಳುತ್ತಿದ್ದ ಅಪ್ಪ ಕೊನೆಗೆ ಸಾಕಾಗಿ, ‘ಉಂಡ್ಕಂಡು ಮಲಗಿದ್ರು. ನೀನೂ ಮಲಗು’ ಎಂದು ದೀಪ ಸಣ್ಣದು ಮಾಡುತ್ತಿದ್ದ. ಇಂಥ ನನಗೆ ಒಂದೇ ಒಂದು ನಾಟಕದ ಕೊನೆ ತಿಳಿಯಲು ತಲೆಕೂದಲು ಬೆಳ್ಳಗಾಗುವವರೆಗೆ ಕಾಯಬೇಕಾಯಿತು. ಅದಕ್ಕೆ ಕಾರಣ ನನ್ನ ಅಕ್ಕ.

ನಮ್ಮ ಮನೆ ಅಂಕೋಲೆಯ ಕಡಲ ದಂಡೆಯಲ್ಲಿತ್ತು. ಆ ವರ್ಷ ಮಳೆಗಾಲ ಮುಗಿದ ಮೇಲೆ ಘಟ್ಟದ ಮೇಲಿನಿಂದ ಒಂದು ನಾಟಕ ಕಂಪನಿ ಬಂದು ಪೇಟೆಯ ಬಯಲಿನಲ್ಲಿ ತಗಡು, ತಟ್ಟಿಗಳಿಂದ ಥೇಟರು ಕಟ್ಟಿತ್ತು. ಮಾತಿಗಿಂತ ಹಾಡೇ ಹೆಚ್ಚಿರುವ ಸಂಗೀತ ನಾಟಕಗಳು. ಆ ದಿನ ಬೆಳಿಗ್ಗೆ ಒಬ್ಬ ಎತ್ತಿನ ಗಾಡಿಯಲ್ಲಿ ಕೂತು ಡೋಲು ಬಡಿಯುತ್ತ ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ಲುಗಳನ್ನು ಎಸೆಯುತ್ತ ಹೋದ. ನಾಟಕದ ಹೆಸರು ‘ಸತೀ ಮಾಣಿಕ್ಯಮಾಲಾ’. ಹಡಗು ಹತ್ತಿ ದೂರದೇಶಕ್ಕೆ ವ್ಯಾಪಾರಕ್ಕೆ ಹೋದ ಗಂಡ, ತೀರದಲ್ಲಿ ಅವನ ದಾರಿ ಕಾಯುವ ಹೆಂಡತಿ. ಅರ್ಧ ಕಥೆ ಅಚ್ಚು ಹಾಕಿಸಿ, ಕೆಳಗೆ ‘ಮುಂದಿನದನ್ನು ರಂಗದ ಮೇಲೆ ನೋಡಿರಿ’ ಎಂದು ಬರೆದಿದ್ದರು. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಹಿಂಸೆ ಬೇಕೆ?

ಆದರೆ ಅಂದು ಮನೆಯಲ್ಲಿ ನಾಟಕದ ಮಾತೆತ್ತುವ ಹಾಗಿರಲಿಲ್ಲ. ಹಿಂದಿನ ದಿನ ನಸುಕಿನಲ್ಲಿ ಮೀನಿಗೆ ಹೋದ ಅಪ್ಪನ ದೋಣಿ ತಿರುಗಿ ಬಂದಿರಲಿಲ್ಲ. ಅದೇ ದೋಣಿಯಲ್ಲಿ ಭಾವನೂ ಇದ್ದ. ಅಕ್ಕನಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಉಳಿದ ದೋಣಿಗಳೆಲ್ಲ ಬಂದು ಮರಳಿನ ಮೇಲೆ ಸಾಲಾಗಿ ನಿಂತಿದ್ದವು. ಗಾಳಿ ತಿರುಗಿದ್ದರಿಂದ ಯಾವುದೋ ಅಳಿವೆಯೊಳಗೆ ಹೋಗಿ ನಿಂತಿರಬೇಕು ಎಂದು ಹಿರಿಯರು ಸಮಾಧಾನ ಹೇಳಿದರು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಗಾಳಿಯ ಕಾಟ ಕಡಿಮೆ. ಅಕ್ಕ ಆ ಮಾತಿಗೆ ಹೂಂ ಎಂದಳು. ಎಂದರೂ ಅನ್ನ ಮುಟ್ಟಲಿಲ್ಲ, ಇಡೀ ದಿನ ಬಿಸಿ ಮರಳಿನಲ್ಲಿ ಕಡಲಿಗೆ ಮುಖ ಮಾಡಿ ನಿಂತಳು.

ಸಂಜೆಗೆ ಅವ್ವಿ, ಎಂದರೆ ನಮ್ಮ ತಾಯಿ, ಹೋಗಿ ಅವಳ ಕೈ ಹಿಡಿದು ಎಳೆದುಕೊಂಡು ಬಂದಳು. ‘ನೀ ಅಲ್ಲಿ ನಿತ್ರೆ ದೋಣಿ ಬೇಗ ಬತ್ತದ್ಯಾ? ಕೇರಿಯವ್ರೆಲ್ಲ ನಾಟ್ಕಕ್ಕೆ ಹೊಂಟಿದ್ರು. ತಮ್ಮನ್ನ ಕರ್ಕಂಡು ನೀನೂ ಹೋಗು. ನಾ ಇಲ್ಲೇ ಇರ್ತೆ.’ ಅಕ್ಕನಿಗೆ ಮನಸ್ಸಿರಲಿಲ್ಲ. ನನಗೆ ಹೆದರಿಕೆಯೂ ಇತ್ತು, ನಾಚಿಕೆಯಿಲ್ಲದಷ್ಟು ಖುಷಿಯೂ ಆಗಿತ್ತು. ಎರಡೂ ಒಟ್ಟಿಗೆ ಹೊಟ್ಟೆಯೊಳಗೆ ಹೇಗೆ ಇರುತ್ತವೆ ಎಂದು ಆಗಲೇ ಆಶ್ಚರ್ಯಪಟ್ಟಿದ್ದೆ.

ಥೇಟರಿನ ಒಳಗೆ ಗ್ಯಾಸ್‌ಲೈಟುಗಳು ಸುಸ್ಸೆಂದು ಉರಿಯುತ್ತಿದ್ದವು. ಹುರಿದ ಶೇಂಗಾದ ವಾಸನೆ, ಮುಡಿದ ಅಬ್ಬಲಿಗೆ ಹೂವಿನ ದಂಡೆಗಳು, ನಮ್ಮದೇ ಬಟ್ಟೆಗಳ ಒಣಮೀನಿನ ಘಾಟು. ಹೆಂಗಸರು ಮನೆಯಿಂದ ತಂದ ಚಾಪೆ ಹಾಸಿಕೊಂಡು ಒಂದು ಪಕ್ಕ ಕೂತಿದ್ದರು, ನಾವಿಬ್ಬರೂ ಅವರ ನಡುವೆ. ಮಾಣಿಕ್ಯಮಾಲೆಯ ಪಾತ್ರ ಮಾಡಿದ್ದು ಗಂಡಸು. ಅವನು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಹಲ್ಲುಜ್ಜುವುದನ್ನು ನಮ್ಮ ಕೇರಿಯವರೆಲ್ಲ ನೋಡಿದ್ದರು. ಆದರೂ ಅವನು ಸೆರಗು ಹೊದ್ದು ಹಾಡತೊಡಗಿದ ಮೇಲೆ ಯಾರಿಗೂ ಅದು ನೆನಪಿರಲಿಲ್ಲ.

ನಮ್ಮ ಹೆಂಗಸರು ಬಾಯಿ ಮುಚ್ಚಿಕೊಂಡು ನಾಟಕ ನೋಡುವ ಪೈಕಿಯವರಲ್ಲ. ಮಾಣಿಕ್ಯಮಾಲೆ ಸಮುದ್ರದ ಪರದೆಯ ಮುಂದೆ ನಿಂತು, ಎಲೈ ಅಲೆಗಳಿರಾ, ನನ್ನ ಪತಿಯನ್ನು ಕಂಡಿರಾ ಎಂದು ರಾಗ ಎಳೆದರೆ, ಮುಂದಿನ ಚಾಪೆಯ ಮುದುಕಿಯೊಬ್ಬಳು ‘ಕಂಡಿದ್ರೆ ಹೇಳ್ದೆ ಇರ್ತಿದ್ವೇನೇ ತಂಗಿ!’ ಎಂದಳು. ವ್ಯಾಪಾರಿಯ ತಮ್ಮ ಅತ್ತಿಗೆಗೆ ಅನ್ನ ಹಾಕದಿದ್ದಾಗ ಅವನಿಗೆ ಬಿದ್ದ ಬೈಗುಳಗಳನ್ನು ನಾನಿಲ್ಲಿ ಬರೆಯುವಂತಿಲ್ಲ. ಎಲ್ಲರೂ ನಗುತ್ತಿದ್ದರು, ಅಳುತ್ತಿದ್ದರು, ಮೂಗು ಒರೆಸಿಕೊಳ್ಳುತ್ತಿದ್ದರು. ಅಕ್ಕ ಮಾತ್ರ ಅಲುಗಾಡದೆ ಕೂತಿದ್ದಳು. ನಾನು ಒಮ್ಮೆ ರಂಗವನ್ನು, ಒಮ್ಮೆ ಅವಳ ಮುಖವನ್ನು ನೋಡುತ್ತಿದ್ದೆ.

ಕೊನೆಯ ಅಂಕ ಬಂತು. ಮಾಣಿಕ್ಯಮಾಲೆ ದುಃಖದ ಹಾಡು ಮುಗಿಸಿ ಮಂಡಿಯೂರಿದಳು. ಹಾರ್ಮೋನಿಯಂ ನಿಂತಿತು. ಆಗ ಒಂದು ಬದಿಯಿಂದ ದೂತನೊಬ್ಬ ತಲೆ ತಗ್ಗಿಸಿಕೊಂಡು ಮೆಲ್ಲಗೆ ಬಂದ. ಅವನ ಎರಡೂ ಕೈಗಳ ಮೇಲೆ ಕೆಂಪು ಜರಿಪೇಟ. ಮೊದಲ ಅಂಕದಲ್ಲಿ ಗಂಡ ಹಡಗು ಹತ್ತುವಾಗ ಸುತ್ತಿಕೊಂಡಿದ್ದ ಪೇಟವೇ ಅದು.

ಮಕ್ಕಳೇ, ಇದನ್ನು ನಿಮಗೆ ಬಿಡಿಸಿ ಹೇಳಬೇಕು. ನಮ್ಮ ಕೇರಿಯಲ್ಲಿ ಕಡಲಿಗೆ ಹೋದವನ ಕಂಬಳಿಯನ್ನೋ ಟೊಪ್ಪಿಯನ್ನೋ ಬೇರೆಯವರು ಕೈಯಲ್ಲಿ ಹಿಡಿದು ಮನೆಗೆ ತಂದರೆ, ಅವರು ಬಾಯಿ ಬಿಡುವುದೇ ಬೇಡವಾಗಿತ್ತು. ಅಂಗಳದಲ್ಲಿದ್ದವರಿಗೆ ಎಲ್ಲವೂ ತಿಳಿದುಹೋಗುತ್ತಿತ್ತು. ಇನ್ನೊಂದು ಮಾತು: ಮನೆಯವರು ಕಡಲಲ್ಲಿರುವಾಗ ಮುಳುಗಿದ, ಹೋದ ಎಂಬ ಸುದ್ದಿಯನ್ನು ಯಾರೂ ಬಾಯಿಂದ ಆಡುತ್ತಿರಲಿಲ್ಲ. ಆಡಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ದೂತ ಬಾಯಿ ತೆರೆದು ‘ಅಮ್ಮಾ...’ ಎಂದ.

ಅಕ್ಕ ಎದ್ದು ನಿಂತಳು. ‘ಹೇಳ್ಬೇಡ! ಹೇಳ್ಬೇಡ್ವೋ ಮಾರಾಯಾ! ನಮ್ಮನೆಯವ್ರು ಇನ್ನೂ ಕಡಲಲ್ಲೇ ಇದ್ರು!’

ಅವಳ ದನಿ ಅಷ್ಟು ದೊಡ್ಡದೆಂದು ನನಗೆ ಅಂದೇ ಗೊತ್ತಾದದ್ದು. ಮರುಗಳಿಗೆಗೆ ಕೇರಿಯ ಹೆಂಗಸರೆಲ್ಲ ಎದ್ದರು. ‘ಹೇಳುಕಾಗ! ಆ ಮಾತು ಹೇಳುಕಾಗ!’ ಬಡಪಾಯಿ ದೂತ ಒಳಗೆ ನೋಡಿದ, ಹೊರಗೆ ನೋಡಿದ, ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ ‘ಅಮ್ಮಾ’ ಎಂದ. ಯಾರೋ ಸುತ್ತಿದ ಚಾಪೆಯನ್ನು ಅವನತ್ತ ಬೀಸಿ ಒಗೆದರು. ಪರದೆ ಬಿತ್ತು. ಕಂಪನಿಯ ಮಾಲಕರೇ ಹೊರಗೆ ಬಂದು ಕೈಮುಗಿದು, ‘ತಾಯಂದಿರೇ, ಮುಂದೆ ಏನಿದೆ ಎಂದು ಸ್ವಲ್ಪ ಕೇಳಿ’ ಎಂದು ಬೇಡಿಕೊಂಡರು. ‘ಕೇಳುದಿಲ್ಲ!’ ಎಂದು ಇಡೀ ಗುಂಪು ಕೂಗಿತು. ಘಟ್ಟದ ಮೇಲಿನ ಆ ಮನುಷ್ಯರಿಗೆ ತಾವು ಮಾಡಿದ ತಪ್ಪೇನೆಂದೇ ತಿಳಿದಿರಲಾರದು. ಕೊನೆಗೆ ಎಲ್ಲ ನಟರೂ ಸಾಲಾಗಿ ನಿಂತು ಮಂಗಳ ಹಾಡಿ ನಾಟಕ ಮುಗಿಸಿದರು.

ಬೆಳಗಾಗುವಾಗ ಅಪ್ಪನ ದೋಣಿ ಬಂತು. ಹಿರಿಯರು ಹೇಳಿದಂತೆಯೇ ಅವರು ಗಂಗಾವಳಿ ಹೊಳೆಯ ಅಳಿವೆಯೊಳಗೆ ಎರಡು ರಾತ್ರಿ ಕಳೆದಿದ್ದರು. ಭಾವನ ಕೂದಲು ಉಪ್ಪಿಗೆ ಬಿರುಸಾಗಿ ನಿಂತಿತ್ತು. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದ ಅಕ್ಕ ಅವನ ಮುಂದೆ ಗಂಜಿಯ ಬಟ್ಟಲು ಇಟ್ಟಳು. ಅವಳು ಆ ಮಾತನ್ನು ತಡೆದದ್ದರಿಂದಲೇ ದೋಣಿ ಬಂತೆಂದು ಕೇರಿಯವರು ಹೇಳಿದರು. ಅಕ್ಕನೂ ಅದನ್ನು ನಂಬಿದಳು. ಆ ಕಂಪನಿ ಅಂಕೋಲೆಯಲ್ಲಿ ಆ ನಾಟಕವನ್ನು ಮತ್ತೆ ಆಡಲಿಲ್ಲ.

ನನ್ನ ಪಾಡು ಮಾತ್ರ ಯಾರಿಗೂ ಬೇಡ. ಮಾಣಿಕ್ಯಮಾಲೆಗೆ ಮುಂದೇನಾಯ್ತು? ಸಿಕ್ಕಸಿಕ್ಕವರನ್ನು ಕೇಳಿದೆ. ಅವಳೂ ಕಡಲಿಗೆ ಹಾರಿದಳು ಎಂದು ಒಬ್ಬರು. ಸನ್ಯಾಸಿನಿಯಾದಳು ಎಂದು ಶಾಲೆಯ ಮಾಸ್ತರರು. ನಾಟಕ ನೋಡದಿದ್ದ ಅಪ್ಪ, ‘ಆ ದೂತ ಇನ್ನೂ ಚಾಪೆ ಮಡಚ್ತಾ ಇರ್ವ’ ಎಂದು ನಕ್ಕ. ಅಕ್ಕನನ್ನು ಕೇಳಿದರೆ, ‘ಅದ್ರ ಸುದ್ದಿ ಎತ್ಬೇಡ’ ಎಂದು ಎದ್ದು ಹೋಗುತ್ತಿದ್ದಳು. ನಾನು ದೊಡ್ಡವನಾದೆ, ದೋಣಿ ಹತ್ತಿದೆ, ಅಪ್ಪನಾದೆ, ಅಜ್ಜನಾದೆ. ಭಾವ ಮುದುಕನಾಗಿ ಮನೆಯ ಮಂಚದ ಮೇಲೆಯೇ ಕಣ್ಣು ಮುಚ್ಚಿದ. ನಾಟಕದ ಕೊನೆ ಮಾತ್ರ ತಿಳಿಯಲಿಲ್ಲ.

ಹೋದ ವರ್ಷ ಆ ನಾಟಕ ಮತ್ತೆ ಬಂತು! ಮಲ್ಲಾಪುರದ ಅಣುವಿದ್ಯುತ್ ಸ್ಥಾವರದ ಕಾಲನಿಯ ಕೆಲವರು, ಕಾರವಾರದ ಕೆಲವು ಮಾಸ್ತರರು, ಕದ್ರಾದ ಹಾರ್ಮೋನಿಯಂ ನುಡಿಸುವವರೊಬ್ಬರು ಸೇರಿ ಅದನ್ನು ಕಾರವಾರದಲ್ಲಿ ಆಡುತ್ತಾರೆಂದು ಪೇಪರಿನಲ್ಲಿ ಓದಿದೆ. ನನಗೆ ಅನ್ನ ಸೇರಲಿಲ್ಲ. ಅಕ್ಕನ ಮನೆಗೆ ಓಡಿದೆ. ಅವಳು ಮೊದಲು ಕೇಳಿದ್ದು ನನ್ನ ಮಗ ಎಲ್ಲಿದ್ದಾನೆಂದು. ಅವನು ಟ್ರಾಲರ್ ಬೋಟಿನಲ್ಲಿದ್ದ, ನಾಡಿದ್ದು ಬರುವವ. ‘ಹಂಗಾರೆ ನಾ ಬರುದಿಲ್ಲ’ ಎಂದಳು ಅಕ್ಕ. ನನ್ನ ಮೊಮ್ಮಗಳು ಅವಳ ಕೊರಳಿಗೆ ಜೋತುಬಿದ್ದು, ‘ಕೊನೆ ಬಂದ್ರೆ ಕಣ್ಣು ಮುಚ್ಕೊ ದೊಡ್ಡಜ್ಜಿ, ನಾ ಇರ್ತೆ ಪಕ್ಕಕ್ಕೆ’ ಎಂದು ಗೋಗರೆದಳು. ಆ ಹುಡುಗಿಗೆ ಇಲ್ಲ ಎನ್ನುವುದು ಅಕ್ಕನಿಂದ ಆಗದು.

ಮೊಮ್ಮಗಳು, ಅವಳ ತಮ್ಮ, ಅಕ್ಕ, ನಾನು ಬಸ್ಸು ಹತ್ತಿದೆವು. ರಂಗಮಂದಿರದ ಬಾಗಿಲಲ್ಲಿ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. ಇಡೀ ಕಥೆ ಅದರಲ್ಲಿ ಅಚ್ಚಾಗಿದೆಯಂತೆ! ಮೊಮ್ಮಗಳು ನಿಂತಲ್ಲೇ ಓದಿ ಮುಗಿಸಿ, ‘ಅಜ್ಜಾ, ಕೊನೆಗೆ ಏನಾಗ್ತದೆ ಗೊತ್ತಾ?’ ಎಂದಳು. ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿದು, ನನ್ನ ಚೀಟಿಯನ್ನು ಮಡಚಿ ಜೇಬಿಗೆ ಹಾಕಿದೆ.

ಕುರ್ಚಿಗಳು ತುಂಬಿದ್ದವು. ಮಲ್ಲಾಪುರದಿಂದ ಬಂದ ಮಕ್ಕಳು ಹಾಡಿನ ಅರ್ಥವನ್ನು ಅಪ್ಪ ಅಮ್ಮಂದಿರನ್ನು ಹಿಂದಿಯಲ್ಲಿ ಕೇಳುತ್ತಿದ್ದರು. ಹಿಂದಿನ ಸಾಲಿನ ಮುದುಕರು ಕೊಂಕಣಿಯಲ್ಲಿ ರಾಗಗಳ ಬಗ್ಗೆ ಜಗಳವಾಡುತ್ತಿದ್ದರು. ಒಂದು ಹಾಡು ಮುಗಿದದ್ದೇ ಅವರಲ್ಲೊಬ್ಬರು ‘ವನ್ಸ್ ಮೋರ್!’ ಎಂದು ಗರ್ಜಿಸಿದಾಗ ನನ್ನ ಮೊಮ್ಮಗ ಕೈಯಲ್ಲಿದ್ದ ಬಟಾಟೆ ವಡೆಯನ್ನು ಬೀಳಿಸಿಕೊಂಡ. ಈ ಸಲದ ಮಾಣಿಕ್ಯಮಾಲೆ ನಿಜವಾದ ಹೆಣ್ಣು, ಶಾಲೆಯ ಟೀಚರು. ‘ಆ ಗಂಡ್ಸೇ ಚಂದ ಇದ್ದಿದ್ದ’ ಎಂದು ಅಕ್ಕ ನನ್ನ ಕಿವಿಯಲ್ಲಿ ಗೊಣಗಿದಳು. ರಂಗದೊಡನೆ ಮಾತಾಡುವವರು ಯಾರೂ ಇರಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆಯುವಲ್ಲಿ ಹೊಡೆದು ಸುಮ್ಮನಾಗುತ್ತಿದ್ದರು.

ದುಃಖದ ಹಾಡು ಬಂತು. ಹಾರ್ಮೋನಿಯಂ ನಿಂತಿತು. ದೂತ ಬಂದ, ತಲೆ ತಗ್ಗಿಸಿ, ಕೈಗಳ ಮೇಲೆ ಕೆಂಪು ಪೇಟ ಹಿಡಿದು. ನಾನು ಮುಂದಕ್ಕೆ ಬಾಗಿ ಕೂತೆ. ಅಷ್ಟರಲ್ಲಿ ಪಕ್ಕದ ಕುರ್ಚಿ ಕಿರ್ರೆಂದಿತು. ಅಕ್ಕ ಕುರ್ಚಿಯ ಕೈ ಹಿಡಿದು ಏಳುತ್ತಿದ್ದಳು. ಅವಳನ್ನು ಕೂರಿಸಬೇಕೆ, ಕೂಗಲು ಬಿಡಬೇಕೆ? ಇಷ್ಟು ವರ್ಷ ಕಾದದ್ದು ಮತ್ತೆ ಕೈತಪ್ಪುತ್ತದೆಂಬ ಸಂಕಟ ನನಗೆ. ಅವಳಿಗೋ, ನನ್ನ ಮಗ ಕಡಲಲ್ಲಿದ್ದಾನೆಂಬ ಸಂಕಟ. ಅವಳತ್ತ ಅರ್ಧ ಚಾಚಿದ ನನ್ನ ಕೈ ಅಲ್ಲೇ ನಿಂತಿತು.

ಮೊಮ್ಮಗಳು ಅಕ್ಕನ ಸೆರಗು ಹಿಡಿದು ಜಗ್ಗಿದಳು. ‘ಕೂತ್ಕ ದೊಡ್ಡಜ್ಜಿ. ಗಂಡ ಬಂದ. ಒಳ್ಳೇ ಸುದ್ದೀನೇ. ಚೀಟೀಲಿ ಬರ್ದದೆ.’

ಅಕ್ಕ ಹಾಗೆಯೇ ಕುಸಿದು ಕೂತಳು. ರಂಗದ ಮೇಲೆ ದೂತ ಹೇಳುತ್ತಿದ್ದ: ‘ಅಮ್ಮಾ, ಒಡೆಯರು ಬಂದರು. ಹಡಗು ಅಳಿವೆಯಲ್ಲಿ ನಿಂತಿದೆ. ಬರಿಯ ಮಾತನ್ನು ನೀವು ನಂಬಲಾರಿರೆಂದು ಗುರುತಿಗಾಗಿ ಈ ಪೇಟ ಕೊಟ್ಟು ಕಳಿಸಿದ್ದಾರೆ.’

‘ಥೋ! ಇದಾ!’ ಎಂದು ಹಿಂದಿನಿಂದ ಒಬ್ಬ ಮುದುಕಿ ಕೂಗಿದಳು. ನಮ್ಮ ಕಡೆಯವಳೇ ಇರಬೇಕು, ಅವಳೂ ಅಂದು ಚಾಪೆಯ ಮೇಲಿದ್ದವಳೇ ಇರಬೇಕು. ಇನ್ನೊಂದಿಷ್ಟು ಮುದುಕಿಯರು ಕಣ್ಣೊರೆಸಿಕೊಳ್ಳುತ್ತ ನಗತೊಡಗಿದರು. ಇವರಿಗೇನಾಯಿತೆಂದು ಮಲ್ಲಾಪುರದ ಮಕ್ಕಳು ಕುರ್ಚಿಯ ಮೇಲೆ ಹತ್ತಿ ನಿಂತು ನೋಡಿದರು. ಅಷ್ಟು ವರ್ಷ ಕಾದು ಕೊನೆಗೆ ಮೊಮ್ಮಗಳ ಬಾಯಿಂದ ಕೇಳಬೇಕಾಯಿತಲ್ಲ ಎಂದು ನನಗೆ ಒಂದು ಕ್ಷಣ ಸಿಟ್ಟೇ ಬಂತು. ಆಮೇಲೆ ಆ ಹಳೆಯ ದೂತ ನೆನಪಾದ. ಒಳ್ಳೆಯ ಸುದ್ದಿಯನ್ನು ಬಾಯಿತುಂಬ ತುಂಬಿಕೊಂಡು ಬಂದು ಬೈಸಿಕೊಂಡು ಹೋದ ಬಡಪಾಯಿ! ನಾನೂ ನಕ್ಕೆ, ಕಣ್ಣಲ್ಲಿ ನೀರು ಬಂತು.

ಬಸ್ಸಿನಲ್ಲಿ ಮೊಮ್ಮಕ್ಕಳು ತಮ್ಮ ತಾಯಿಗೆ ಫೋನು ಮಾಡಿದರು. ಅವರ ಅಪ್ಪನ ಬೋಟು ಎಲ್ಲಿದೆ, ಎಷ್ಟು ಮೀನು ಬಿದ್ದಿದೆ ಎಂಬುದು ಆಗಲೇ ವೈರ್‌ಲೆಸ್ಸಿನಲ್ಲಿ ಬಂದರಿಗೆ, ಬಂದರಿನಿಂದ ಮನೆಗೆ ಬಂದು ಮುಟ್ಟಿತ್ತು. ನಮ್ಮ ಕಾಲದಲ್ಲಿ ಸುದ್ದಿ ಕಾಲ್ನಡಿಗೆಯಲ್ಲಿ ಬರುತ್ತಿತ್ತು, ನಾವು ತಂದವನ ಮುಖವನ್ನೂ ಕೈಯನ್ನೂ ನೋಡಿಯೇ ಅರ್ಧ ಸಾಯುತ್ತಿದ್ದೆವು. ನನ್ನ ಮೊಮ್ಮಕ್ಕಳು ಕೊನೆಯನ್ನು ಮೊದಲೇ ಓದಿಕೊಂಡು ಆರಾಮವಾಗಿ ನಾಟಕ ನೋಡುತ್ತಾರೆ. ಹಾಗೆ ನೋಡಿದರೆ ಏನು ಮಜಾ ಎಂದು ಕೇಳಬೇಕೆಂದಿದ್ದೆ, ಆದರೆ ಆ ದಿನ ಕೇಳುವ ಬಾಯಿ ನನಗಿರಲಿಲ್ಲ.

ಬಸ್ಸು ಅರಗಾ ಊರು ದಾಟುವವರೆಗೂ ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು: ‘ನಾ ಅವ್ನಿಗೆ ಆ ಮಾತು ಹೇಳುಕೆ ಬಿಟ್ಟಿದ್ರೆ, ಅವತ್ತು ರಾತ್ರೆ ನಂಗೆ ಒಂಚೂರಾದ್ರೂ ನಿದ್ದೆ ಬತ್ತಿತ್ತೇನ, ತಮಾ.’

ಅವಳ ತೊಡೆಯ ಮೇಲೆ ತಲೆಯಿಟ್ಟು ನನ್ನ ಮೊಮ್ಮಗಳು ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಳು. ಅವಳ ಅಪ್ಪ ಆ ರಾತ್ರಿ ಕಡಲಿನಲ್ಲಿದ್ದ.