ಕಾಶೆವ್ವನ ಹೊಳೆ

೧೯೧೪ನೆಯ ಇಸವಿ ಜುಲೈ ೨೭, ಸೋಮವಾರ, ನಾಗರಪಂಚಮಿ. ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿತ್ತು. ಮಸಗುಪ್ಪಿಯ ಗುರುಲಿಂಗಪ್ಪನ ಹೆಂಡತಿ ಕಾಶೆವ್ವ ಎಂದಿನಂತೆ ಹೊಳೆಗೆ ಹೋಗಿ, ಕೆಂಪು ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿ, ತನ್ನ ತವರು ಸಂಕೇಶ್ವರದಲ್ಲಿ ಒಳ್ಳೆಯ ಮಳೆಯಾಗಿದೆಯೆಂದು ಓಣಿಗೆಲ್ಲ ಸಾರಿ ಬಂದಳು. ತವರನ್ನು ಹೊಗಳುವ ಹೆಂಗಸರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಇವಳು ತವರಿನ ಹೊಳೆಯನ್ನು ಹೊಗಳುವವಳು. ಸಹ್ಯಾದ್ರಿಯಿಂದಿಳಿದು ಸಂಕೇಶ್ವರವನ್ನು ಹಾಯ್ದು ಬರುವ ಹಿರಣ್ಯಕೇಶಿಯು ಹುಕ್ಕೇರಿಯ ಸೀಮೆಯಲ್ಲಿಯೇ ಘಟಪ್ರಭೆಯನ್ನು ಕೂಡುತ್ತದೆ. ಗೋಕಾಕದಲ್ಲಿ ಧುಮುಕಿ ಮಸಗುಪ್ಪಿಗೆ ಬರುವಷ್ಟರಲ್ಲಿ ಅದಕ್ಕೆ ಆ ಹೆಸರೇ ಇಲ್ಲ. ಕಾಶೆವ್ವ ಒಪ್ಪಬೇಕಲ್ಲ! ತೇಲಿ ಬಂದ ಜೋಳದ ಕಣಿಕೆ ಅವಳ ಅಣ್ಣನ ಹೊಲದ್ದು. ಬೇಳೆ ಬೇಗ ಬೆಂದರೆ ಹಿರಣ್ಯಕೇಶಿಯ ಗುಣ, ಬೇಯದಿದ್ದರೆ ಘಟಪ್ರಭೆಯ ಹಟ. ಆ ದಿನ ಗುರುಲಿಂಗಪ್ಪ ಕೆಣಕಿದ: “ಕೂಡಿದ ಮ್ಯಾಲ ಎಲ್ಲಾ ಘಟಪ್ರಭಾನ. ನಿನ್ನ ಹೊಳಿ ಹೆಸರು ಎಲ್ಲಿ ಉಳದೈತಿ?” ಉಂಡಿ ಕಟ್ಟುತ್ತಿದ್ದ ಕೈ ನಿಲ್ಲಿಸಿ ಅವಳು ಅಂದಳು: “ನನ್ನ ಹೆಸರರ ಎಲ್ಲಿ ಉಳದೈತ್ರಿ?” ತವರಿನಲ್ಲಿ ಅವಳು ಬಾಳವ್ವ. ಅತ್ತೆಯೂ ಬಾಳವ್ವನೇ ಆಗಿದ್ದರಿಂದ, ಸೊಸೆಯನ್ನು ಬೈಯುವಾಗ ಅತ್ತೆಯ ಹೆಸರು ಬಾಯಿಗೆ ಬರಬಾರದೆಂದು ಹಿರಿಯರು ಮದುವೆಯ ದಿನವೇ ಅವಳನ್ನು ಕಾಶೆವ್ವ ಮಾಡಿದ್ದರು. ಅತ್ತೆ ೧೯೦೫ರಲ್ಲಿಯೇ ತೀರಿಕೊಂಡಿದ್ದಳು. ಆದರೂ ಹಳೆಯ ಹೆಸರನ್ನು ತಿರುಗಿ ಕೊಡಬೇಕೆಂದು ಗುರುಲಿಂಗಪ್ಪನಿಗೆ ಎಂದೂ ತೋರಿರಲಿಲ್ಲ. ಅವನು ಕೈ ಚಾಚಿ, “ಬಾಳವ್ವಾ, ಒಂದು ಉಂಡಿ ಕೊಡು” ಅಂದ. ೧೯೩೧ರ ಮಾರ್ಚ್ ೯ರಂದು ಅವನು ತೀರಿಕೊಳ್ಳುವವರೆಗೆ ಆ ಮನೆಯಲ್ಲಿ ಅವಳು ಬಾಳವ್ವ, ಹೊಳೆ ಹಿರಣ್ಯಕೇಶಿ. ಗೋಕಾಕದ ಸಂತೆಗೆ ಹೋದಾಗ ಮಾತ್ರ ಅವನು ಘಟಪ್ರಭೆ ಎನ್ನುತ್ತಿದ್ದ.