ಉಪವಾಸಕ್ಕೆ ನಡೆಯುವ ಗುಳಿಗೆ

ಮರಾಠಿ ನಾಡಿನ ಭೋಸರಿಯ ಸಣ್ಣ ದವಾಖಾನೆಯೊಂದರಲ್ಲಿ ನಾನು ನರ್ಸ್. ಸಂಕಷ್ಟಿಯ ದಿನ ಧಾರವಾಡ ಕಡೆಯ ಹಿರಿಯ ಹೆಂಗಸೊಬ್ಬರು ಬಿಪಿ ತೋರಿಸಲು ಬಂದರು. ನಾನು ಕನ್ನಡದವಳೆಂದು ತಿಳಿದದ್ದೇ ತಡ, ಮರಾಠಿ ಬಿಟ್ಟರು. ಬಿಪಿ ಏರಿತ್ತು. ಸುಮ್ಮನೆ ಕೂರಿಸಿ ಮತ್ತೆ ನೋಡಿದರೂ ಅಷ್ಟೇ.

“ಗುಳಿಗಿ ತಗೊಂಡೀರೇನ್ರಿ ಕಾಕು?”

“ಇವತ್ತ ಹ್ಯಾಂಗ ತಗೊಳ್ಳಲಿ? ಉಪಾಸ ಮುರೀತದ.”

“ಉಳಿದ ದಿನ?”

“ಸೋಮವಾರ, ಗುರುವಾರ, ಏಕಾದಶಿ ಬಿಟ್ರ ಒಂದ ದಿನಾನೂ ತಪ್ಪಸೂದಿಲ್ಲ.”

“ತಲಿ ಸುತ್ತತದೇನ್ರಿ?”

“ಏನೂ ಇಲ್ಲವ್ವಾ, ಆರಾಮ ಇದ್ದೀನಿ.”

ಈ ರೋಗದ ಮೋಸವೇ ಅದು. ಒಳಗೆ ಕೂತು ಕೆಡಿಸುತ್ತಿದ್ದರೂ ಆರಾಮ ಅನ್ನಿಸುತ್ತದೆ.

“ಮುಂಜಾನೆ ಏನ್ ತಿಂದ್ರಿ?”

“ಸಾಬೂದಾಣಿ ಖಿಚಡಿ, ಬಟಾಟಿ ಚಿವಡಾ. ಉಪಾಸಕ್ಕ ನಡೀತಾವ.”

ಅವರ ಚೀಲದಲ್ಲಿದ್ದ ಗುಳಿಗೆಪಟ್ಟಿ ಇಸಿದುಕೊಂಡು, ಹಿಂದೆಮುಂದೆ ತಿರುಗಿಸಿ ನೋಡಿ, ಗಂಭೀರವಾಗಿ ಹೇಳಿದೆ: “ಇದರಾಗ ಉಳ್ಳಾಗಡ್ಡಿ, ಬಳ್ಳೊಳ್ಳಿ ಏನೂ ಇಲ್ಲರಿ. ಇದೂ ನಡೀತದ.”

“ಖರೇನ?” ಎಂದವರು ಅಲ್ಲೇ ನುಂಗಿದರು. “ಡಾಕ್ಟರು ಇದನ್ನ ಮೊದಲ ಹೇಳಬಾರದಿತ್ತೇನು?”

ಹೋಗುವಾಗ ಖುಷಿಯಿಂದ ನನ್ನ ಕೈಗೆ ಚಿವಡಾದ ಡಬ್ಬಿ ಕೊಟ್ಟರು. ಬಾಯಿಗಿಟ್ಟರೆ ಬರೀ ಉಪ್ಪು. ಅವರ ಪಾಲಿನ ಉಪ್ಪು ಅಷ್ಟಾದರೂ ಕಡಿಮೆಯಾಗಲಿ ಎಂದು ಪೂರ್ತಿ ನಾನೇ ತಿಂದೆ.