ದಪ್ಪ ಲ್ಯಾಪ್‌ಟಾಪಿನ ಮುಯ್ಯಿ

ನನ್ನ ಲ್ಯಾಪ್‌ಟಾಪು ತೆಳ್ಳಗಿದೆ. ಎಷ್ಟು ತೆಳ್ಳಗೆಂದರೆ, ಕೊಂಡ ಹೊಸತರಲ್ಲಿ ಅದನ್ನು ಉತ್ತರಪತ್ರಿಕೆಗಳ ಕಟ್ಟಿನ ನಡುವೆ ಇಟ್ಟು ಮರೆತು ಅರ್ಧ ದಿನ ಹುಡುಕಿದ್ದೇನೆ. ಹುಡುಕಿದ್ದರಲ್ಲೂ ನನಗೊಂದು ಹೆಮ್ಮೆಯಿತ್ತು. ಸ್ಟಾಫ್ ರೂಮಿನಲ್ಲಿ ನಾಲ್ಕು ಜನರಿಗೆ ಹೇಳಿಕೊಂಡೆ. ನಾನು ಯಜ್ಞೇಶ, ಕೊಪ್ಪದ ಪಕ್ಕ ಬಾಳಗಡಿಯ ಒಂದು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ನನ್ನ ವಿಷಯ ಇಷ್ಟು ಸಾಕು. ಹೇಳಬೇಕಾಗಿರುವುದು, ನನ್ನಂಥವರ ಲ್ಯಾಪ್‌ಟಾಪುಗಳು ತೆಳ್ಳಗಿರಲಿ ಅಂತ ಹನ್ನೊಂದು ವರ್ಷ ದಪ್ಪದ್ದೊಂದನ್ನು ಹೊತ್ತ ದಾಕ್ಷಾಯಿಣಕ್ಕನ ವಿಷಯ.

ಕೊಪ್ಪದಲ್ಲಿ ತಾಲ್ಲೂಕು ಕಚೇರಿಯ ಎದುರು ಸಾಲಿನಲ್ಲಿ ಒಂದು ಪುಸ್ತಕದ ಅಂಗಡಿಯಿದೆ. ಅದರ ಜಗುಲಿಯ ಮೇಲೆ ಒಂದು ಮೇಜು, ಒಂದು ಪ್ರಿಂಟರು, ಎರಡು ಪ್ಲಾಸ್ಟಿಕ್ ಕುರ್ಚಿ. ದಾಕ್ಷಾಯಿಣಕ್ಕ ಅಲ್ಲಿ ಕೂತು ಅರ್ಜಿ, ಅಫಿಡವಿಟ್ಟು, ಬಾಡಿಗೆ ಕರಾರು ಟೈಪ್ ಮಾಡಿಕೊಡುತ್ತಾರೆ. ವಯಸ್ಸು ಐವತ್ತೆರಡು. ತವರು ನರಸಿಂಹರಾಜಪುರ. ಮದುವೆಗೆ ಮೊದಲೇ ಅಲ್ಲಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕನ್ನಡ ಸೀನಿಯರ್ ಪಾಸು ಮಾಡಿದವರು. ಗಂಡ ಮಲ್ಲೇಶಪ್ಪನವರಿಗೆ ಕೊಪ್ಪದ ಹತ್ತಿರದ ನಾರ್ವೆ ಊರಿನಲ್ಲಿ ದಿನಸಿ ಅಂಗಡಿ. ಅಕ್ಕ ದಿನಾ ನಾರ್ವೆಯಿಂದ ಬಸ್ಸಿನಲ್ಲಿ ಕೊಪ್ಪಕ್ಕೆ ಬಂದು ಹೋಗುತ್ತಾರೆ.

ಅವರ ಟೈಪಿಂಗನ್ನು ಕಣ್ಣಲ್ಲಿ ನೋಡುವುದಕ್ಕಿಂತ ಕಿವಿಯಲ್ಲಿ ಕೇಳಬೇಕು. ಕಣ್ಣು ಎದುರಿಗಿರುವವರ ಕೈಬರಹದ ಚೀಟಿಯ ಮೇಲಿರುತ್ತದೆ. ಬೆರಳುಗಳು ಟೈಪ್‌ರೈಟರಿನ ಕಾಲದ ಗತ್ತಿನಲ್ಲೇ ಕೀಲಿಗಳನ್ನು ಕುಟ್ಟುತ್ತವೆ. ಕೀಲಿ ಪೂರ್ತಿ ಕೆಳಗಿಳಿದು ತಳಕ್ಕೆ ತಾಗಿದಾಗ ಒಂದು ಸದ್ದು ಬರುತ್ತದೆ. ಅಕ್ಷರ ಬಿತ್ತೆಂದು ಅಕ್ಕನಿಗೆ ತಿಳಿಯುವುದು ಆ ಸದ್ದಿನಿಂದ. ಪರದೆಯನ್ನು ಅವರು ನೋಡುವುದು ಅರ್ಜಿಯ ಕೊನೆಯಲ್ಲಿ ‘ತಮ್ಮ ವಿಶ್ವಾಸಿ’ ಬಂದಮೇಲೆ, ಒಂದೇ ಸಲ.

ಆ ಲ್ಯಾಪ್‌ಟಾಪು ದಪ್ಪಗೆ, ಕರ್ರಗೆ, ಮುಚ್ಚಿಟ್ಟರೆ ಮಣೆಯ ಹಾಗೆ ಇದೆ. ಎಡಗಡೆ ಪ್ರೊಜೆಕ್ಟರಿನ ಅಗಲ ನೀಲಿ ಪಿನ್ನಿಗೊಂದು ಜಾಗ, ನೆಟ್‌ವರ್ಕ್ ಕೇಬಲಿಗೊಂದು, ಯುಎಸ್‌ಬಿಗೆ ಎರಡು. ಬಲಗಡೆ ಇನ್ನೆರಡು ಯುಎಸ್‌ಬಿ, ಸಿ.ಡಿ. ತಟ್ಟೆ. ಮುಂದುಗಡೆ ಕ್ಯಾಮೆರಾ ಕಾರ್ಡಿಗೆ ಒಂದು ಸೀಳು. ನನ್ನದಕ್ಕೆ ಇರುವುದು ಎರಡು ಪುಟ್ಟ ತೂತು, ಅದರಲ್ಲೂ ಒಂದು ಚಾರ್ಜರಿಗೆ ಮೀಸಲು. ಜಗುಲಿಗೆ ಬಾಗಿಲಿಲ್ಲದ್ದರಿಂದ ಅಕ್ಕ ಸಂಜೆ ಅದನ್ನು ಮನೆಗೆ ಒಯ್ಯಲೇಬೇಕು. ಒಂದು ಮಳೆಗಾಲ ಅಂಗಡಿಯ ಒಳಗೇ ನಾಲ್ಕು ದಿನ ಬಿಟ್ಟು ನೋಡಿದರು. ಕೀಲಿಗಳ ಸಂದಿಯಲ್ಲೆಲ್ಲ ಬೂಷ್ಟು ಹಿಡಿದಿತ್ತು.

ನನಗೆ ಅಕ್ಕನ ಪರಿಚಯವಾದದ್ದು ಕಷ್ಟಕಾಲದಲ್ಲಿ. ಕಾಲೇಜಿನಲ್ಲಿ ಒಂದು ವಿಚಾರ ಸಂಕಿರಣವಿತ್ತು. ಪ್ರೊಜೆಕ್ಟರು ಹಳೆಯದು, ಅದಕ್ಕೆ ಬೇಕಾದ್ದು ನೀಲಿ ಪಿನ್ನು. ನಡುವೆ ಸಿಕ್ಕಿಸುವ ಡಾಂಗಲ್ಲನ್ನು ನಾನು ಮನೆಯಲ್ಲಿ ಬಿಟ್ಟು ಬಂದಿದ್ದೆ. ಲ್ಯಾಪ್‌ಟಾಪು ತೆಳ್ಳಗಾದಷ್ಟೂ ಅದರ ಕೈಕಾಲುಗಳೆಲ್ಲ ಬೇರೊಂದು ಚೀಲಕ್ಕೆ ಹೋಗುತ್ತವೆ. ಆ ಚೀಲ ಯಾವಾಗಲೂ ಮನೆಯಲ್ಲೇ ಇರುತ್ತದೆ. ಆ ಜಗುಲಿಯ ಮೇಲೆ ಕಂಡಿದ್ದ ದಪ್ಪ ಲ್ಯಾಪ್‌ಟಾಪು ನೆನಪಾಗಿ ಆಟೋ ಹಿಡಿದು ಕೊಪ್ಪಕ್ಕೆ ಓಡಿದೆ. ಅಕ್ಕ ಅರ್ಧ ಟೈಪಾಗಿದ್ದ ಅಫಿಡವಿಟ್ಟನ್ನು ನಿಲ್ಲಿಸಿ, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟರು.

ಸಂಜೆ ವಾಪಸು ಕೊಡುವಾಗ ಪರ್ಸು ತೆಗೆದೆ. “ಇದಕ್ಕೆಲ್ಲ ಎಂತ ದುಡ್ಡು ಮೇಷ್ಟ್ರೇ?” ಅಂದರು. “ಮುಯ್ಯಿ ಅಂದ್ಕೊಳ್ಳಿ.”

ಮುಯ್ಯಿ ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನಿಮ್ಮ ಮನೆಯವರು ನಮ್ಮ ತೋಟಕ್ಕೆ ಒಂದು ದಿನ ಆಳಾಗಿ ಬಂದರೆ, ನಮ್ಮ ಮನೆಯವರು ನಿಮ್ಮ ತೋಟಕ್ಕೆ ಒಂದು ದಿನ ಆಳಾಗಿ ಹೋಗುವುದು. ಕೂಲಿ ಇಲ್ಲ. ನಾನು ಅಕ್ಕನ ಮಾತನ್ನು ಬಹಳ ಮೆಚ್ಚಿಕೊಂಡು, ಮರುವಾರ ಒಂದು ಭರಣಿ ಮಿಡಿ ಉಪ್ಪಿನಕಾಯಿ ಕೊಟ್ಟು ಮುಯ್ಯಿ ತೀರಿಸಿದೆ. ತೀರಿತು ಅಂದುಕೊಂಡೆ.

ನಾನೊಬ್ಬನೇ ಅಲ್ಲ. ಫೋಟೋ ಸ್ಟುಡಿಯೋದ ಉಜ್ವಲ್ ಮದುವೆಗಳಿಗೆ ತೆಳ್ಳಗಿನ ಲ್ಯಾಪ್‌ಟಾಪು ಹಿಡಿದೇ ಹೋಗುತ್ತಾನೆ, ಆದರೆ ಕ್ಯಾಮೆರಾ ಕಾರ್ಡಿನಿಂದ ಫೋಟೋ ಇಳಿಸಲು ಬರುವುದು ಜಗುಲಿಗೆ. ತೆರಿಗೆ ಕಾಗದಪತ್ರ ನೋಡಿಕೊಳ್ಳುವ ಅರ್ಪಣಾ ಮೇಡಂ ಅವರದು ನನ್ನದಕ್ಕಿಂತಲೂ ತೆಳ್ಳಗೆ. ಅವರ ಡಿಜಿಟಲ್ ಸಹಿ ಇರುವುದು ಹಳೇ ನಮೂನೆಯ ಯುಎಸ್‌ಬಿ ಕಡ್ಡಿಯಲ್ಲಿ. ಹಾಗಾಗಿ ಅವರೂ ಜಗುಲಿಗೆ. ದಾಕ್ಷಾಯಿಣಕ್ಕನ ಮನೆಮಂದಿಯ ಫೋಟೋಗೆ ಉಜ್ವಲ್ ಕಟ್ಟು ಹಾಕಿಸಿ ಕೊಟ್ಟ. ಮೇಡಂ ದೀಪಾವಳಿಗೆ ಸ್ವೀಟ್ ಬಾಕ್ಸ್ ಕೊಟ್ಟರು. ಎಲ್ಲರ ಮುಯ್ಯಿಯೂ ಚೊಕ್ಕಟವಾಗಿ ತೀರುತ್ತಿತ್ತು.

ಇನ್ನೊಂದು ವಿಷಯ ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ನಮ್ಮ ಮನೆ ನಾರ್ವೆಯಿಂದ ಎರಡು ಸ್ಟಾಪ್ ಆಚೆ. ಬೆಳಿಗ್ಗೆ ಅದೇ ಬಸ್ಸಿಗೆ ನಾನು ಮೊದಲು ಹತ್ತಿ ಸೀಟು ಹಿಡಿದಿರುತ್ತೇನೆ. ಅಕ್ಕ ನಾರ್ವೆಯಲ್ಲಿ ಹತ್ತುವಷ್ಟರಲ್ಲಿ ಬಸ್ಸು ತುಂಬಿರುತ್ತದೆ. ನಿಂತವರ ಚೀಲವನ್ನು ಕೂತವರು ತೊಡೆಯ ಮೇಲೆ ಇಟ್ಟುಕೊಳ್ಳುವುದು ನಮ್ಮ ಬಸ್ಸುಗಳ ರೂಢಿ. ಒಂದು ದಿನ ನಾನೂ ಇಟ್ಟುಕೊಂಡೆ. ಕೊಪ್ಪ ಮುಟ್ಟುವಷ್ಟರಲ್ಲಿ ಕಾಲು ಜೋಮು ಹಿಡಿಯಿತು. ಅಂದಿನಿಂದ ನಾರ್ವೆ ಬರುತ್ತಿದ್ದ ಹಾಗೆ ನನಗೆ ಮೊಬೈಲಿನಲ್ಲಿ ಬಹಳ ಮುಖ್ಯವಾದದ್ದೇನೋ ಕಾಣಿಸತೊಡಗಿತು.

ಹೋದ ವರ್ಷ ಅಕ್ಕನ ಬಲಭುಜ ಹಿಡಿದುಕೊಂಡಿತು. ಕೈ ಕಿವಿಯ ಮಟ್ಟಕ್ಕೂ ಏರುತ್ತಿರಲಿಲ್ಲ. ಮೂಳೆ ಡಾಕ್ಟರು ನೋಡಿ, ಈ ಭಾರ ಬಿಡದಿದ್ದರೆ ಕೈಯನ್ನೇ ಬಿಡಬೇಕಾಗುತ್ತದೆ, ಆಮೇಲೆ ಟೈಪಿಂಗೂ ಇಲ್ಲ ಅಂದರಂತೆ. ಅಕ್ಕ ಒಂದು ಮಧ್ಯಾಹ್ನ ನಮ್ಮ ಮೂವರೆದುರು, “ನಾನೂ ಒಂದು ತೆಳ್ಳಗಿಂದು ತಗೊಳ್ಳಾಣ ಅಂತಿದೀನಿ” ಅಂದರು.

ಅಕ್ಕನದೂ ತೆಳ್ಳಗಾದರೆ ನಮ್ಮ ಪಿನ್ನು, ಕಾರ್ಡು, ಕಡ್ಡಿಗಳಿಗೆ ಗತಿ ಯಾರು?

ಅಂದು ಆ ಜಗುಲಿಯಲ್ಲಿ ನಾವು ಆಡಿದ ಮಾತುಗಳನ್ನು ಲ್ಯಾಪ್‌ಟಾಪು ಮಾಡುವವರು ಕೇಳಬೇಕಿತ್ತು. ತೆಳ್ಳಗಿನದರ ಕೀಬೋರ್ಡಿನಲ್ಲಿ ಟೈಪ್ ಮಾಡುವುದೂ ಮೇಜಿನ ಹಲಗೆ ಕುಟ್ಟುವುದೂ ಒಂದೇ ಅಂದೆ ನಾನು. ಬೇಗ ಬಿಸಿಯಾಗುತ್ತದೆ ಅಂದ ಉಜ್ವಲ್. “ಬ್ಯಾಟರಿ ಹೋದ್ರೆ ಬಿಚ್ಚಕ್ಕೂ ಬರಲ್ಲ ಅಕ್ಕ, ಎಲ್ಲ ಅಂಟು ಹಾಕಿ ಕೂರ್ಸಿರ್ತಾರೆ. ನಿಮ್ದಂಥ ಗಟ್ಟಿ ಸಾಮಾನು ಈಗ ಎಲ್ಲಿ ಸಿಗುತ್ತೆ?” ಎಂದರು ಅರ್ಪಣಾ ಮೇಡಂ, ತಮ್ಮ ತೆಳ್ಳಗಿನದನ್ನು ಸೆರಗಿನಿಂದ ಒರೆಸುತ್ತ. ಪೋರ್ಟುಗಳ ಮಹಿಮೆಯ ಬಗ್ಗೆ ನಾನು ಕ್ಲಾಸಿನಲ್ಲಿ ಕೂಡ ಅಷ್ಟು ಚೆನ್ನಾಗಿ ಮಾತಾಡಿಲ್ಲ. ಮೂವರೂ ಹೇಳಿದ್ದು ನಿಜವೇ. ಆ ನಿಜ ಗೊತ್ತಿದ್ದೂ ನಾವು ಮೂವರೂ ತೆಳ್ಳಗಿನದನ್ನೇ ಕೊಂಡಿದ್ದೆವು ಎಂಬುದನ್ನು ಮಾತ್ರ ಯಾರೂ ಎತ್ತಲಿಲ್ಲ.

“ಬೇಕಾದ್ರೆ ನನ್ನದ್ರಲ್ಲೇ ಹೊಡೆದು ನೋಡಿ” ಎಂದು ನನ್ನದನ್ನು ಮುಂದಿಟ್ಟೆ. ಅಷ್ಟರಲ್ಲಿ ಹಿಂದೆ ನೆಮ್ಮಾರಿನಲ್ಲಿ ಕೂಲಿಗೆ ಹೋಗುತ್ತಿದ್ದ ಗುರುವ ಬಂದು ಕೂತಿದ್ದ. ಈಗ ನಾರ್ವೆಯಲ್ಲಿ ಮಗಳ ಮನೆಯಲ್ಲಿದ್ದುಕೊಂಡು, ವೃದ್ಧಾಪ್ಯ ವೇತನದ ಅರ್ಜಿ ಬರೆಸಲು ಬಂದವನು. ಅಕ್ಕ ಅವನ ಕಾಗದಗಳನ್ನು ನೋಡಿಕೊಂಡು ಎಂದಿನ ಗತ್ತಿನಲ್ಲೇ ಶುರು ಮಾಡಿದರು. ಸದ್ದೇ ಇಲ್ಲ. ಬೆರಳು ಇಳಿಯುವ ಮುಂಚೆಯೇ ತಳ ಸಿಗುತ್ತಿತ್ತು. ಕೊನೆಯಲ್ಲಿ ಪರದೆ ನೋಡಿದರೆ ಅರ್ಧಕ್ಕರ್ಧ ಒತ್ತಕ್ಷರ ಬಿದ್ದಿರಲಿಲ್ಲ, ಕೆಲವು ಅಕ್ಷರ ಎರಡೆರಡು ಸಲ ಬಿದ್ದಿದ್ದವು. ಅಕ್ಕನ ಮುಖ ಸಣ್ಣದಾಯಿತು. ಸೀನಿಯರ್ ಪಾಸಾದ ಮೇಲೆ ಅವರ ಕೈಯಿಂದ ಅಂಥ ಹಾಳೆ ಬಂದಿರಲಿಲ್ಲ.

“ನೋಡಿದ್ರಾ!” ಅಂದೆ ನಾನು. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಗುರುವ ಮಾತ್ರ ಹೇಳಿದ: “ನಿಧಾನಕ್ಕೆ ಹೊಡೀರಿ ಅಕ್ಕಾ. ನಂಗೇನ್ ಅವಸ್ರ ಇಲ್ಲ, ಕಾಯ್ತೀನಿ. ನಿಮ್ ಕೈ ಎಷ್ಟ್ ನೋಯ್ತದೋ ಏನೋ.”

ಅಕ್ಕ ತಮ್ಮದನ್ನು ಎಳೆದುಕೊಂಡು ಅರ್ಜಿಯನ್ನು ಮತ್ತೆ ಕುಟ್ಟಿದರು. ಗೆದ್ದೆವು ಅಂತ ನಾವು ಮೂವರೂ ಕಾಫಿ ಕುಡಿಯಲು ಹೋದೆವು.

ಇದಾಗಿ ಎರಡು ವಾರಕ್ಕೆ ಬಸ್ಸು ಒಂದು ತಿರುವಿನಲ್ಲಿ ಗಕ್ಕನೆ ಬ್ರೇಕು ಹಾಕಿತು. ನಿಂತವರೆಲ್ಲ ಮೇಲಿನ ಸರಳು ಹಿಡಿದುಕೊಂಡರು. ಅಕ್ಕನ ಬಲಗೈ ಸರಳಿಗೆ ಏರುವುದಿಲ್ಲ. ಎಡಗೈಯಲ್ಲಿ ಚೀಲ ಅವಚಿಕೊಂಡಿದ್ದರು. ಚೀಲ ಬಿಟ್ಟಿದ್ದರೆ ಏನನ್ನಾದರೂ ಹಿಡಿಯಬಹುದಿತ್ತು. ಬಿಡಲಿಲ್ಲ. ಸೀಟಿನ ಕಬ್ಬಿಣಕ್ಕೆ ಹಣೆ ಬಡಿದು ಕೆಳಗೆ ಕೂತುಬಿಟ್ಟರು. ನಾನು ಎರಡು ಸೀಟು ಮುಂದಿದ್ದೆ. ಎದ್ದು ಓಡಿ ಬಂದೆ. ಅಂದು ಒಂದು ಸಿ.ಡಿ.ಯಿಂದ ಹಳೇ ಪ್ರಶ್ನೆಪತ್ರಿಕೆಗಳನ್ನು ಇಳಿಸಿಕೊಳ್ಳಬೇಕಿತ್ತು. ಬಾಯಿಂದ ಮೊದಲು ಬಂದ ಮಾತು ಇದು:

“ಲ್ಯಾಪ್‌ಟಾಪಿಗೆ ಎಂತ ಆಗ್ಲಿಲ್ವಲ್ಲ ಅಕ್ಕ?”

ಅಕ್ಕ ನನ್ನ ಮುಖವನ್ನೇ ನೋಡಿದರು. “ಅದಕ್ಕೆಂತ ಆಗ್ಲಿಲ್ಲ” ಅಂದರು. ಹಣೆಯಿಂದ ರಕ್ತ ಬರುತ್ತಿತ್ತು.

ಸುದ್ದಿ ತಿಳಿದು ಮೇಡಂ ಫೋನು ಮಾಡಿದರಂತೆ, ಉಜ್ವಲ್ ಆಸ್ಪತ್ರೆಗೇ ಹೋದನಂತೆ. ಇಬ್ಬರೂ ಕೇಳಿದ್ದು ಅದನ್ನೇ, ಇಬ್ಬರಿಗೂ ಸಿಕ್ಕಿದ್ದು ಅದೇ ಉತ್ತರ.

ಹತ್ತು ದಿನ ಬಿಟ್ಟು ಅಕ್ಕ ಜಗುಲಿಗೆ ಬಂದರು. ಹಣೆಯ ಮೇಲೆ ಪಟ್ಟಿ, ಮೇಜಿನ ಮೇಲೆ ತೆಳ್ಳಗಿನ ಬೆಳ್ಳಿ ಬಣ್ಣದ ಲ್ಯಾಪ್‌ಟಾಪು. ಒಂದೊಂದೇ ಅಕ್ಷರ ಹೊಡೆದು, ತಲೆಯೆತ್ತಿ ಪರದೆ ನೋಡಿ, ಮತ್ತೆ ಹೊಡೆಯುತ್ತಿದ್ದರು. ಅರ್ಧ ಗಂಟೆಯ ಕೆಲಸಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ನನ್ನ ಮುಖ ನೋಡಿ ಅವರೇ ಅಂದರು, “ಕಾಯೋರು ಕಾಯ್ತಾರೆ ಮೇಷ್ಟ್ರೇ. ಗುರುವ ಆವತ್ತೇ ಹೇಳಿದಾನೆ.”

“ಹಳೇದು ಎಲ್ಲಿ ಅಕ್ಕ?” ಅಂದೆ. ಇಷ್ಟಾದ ಮೇಲೂ ನಾಲಿಗೆ ಅಲ್ಲಿಗೇ ಹೋಯಿತು.

“ಇದೆ ಮಾರಾಯ್ರೇ, ಇಲ್ಲೇ ಕೆಳಗೆ. ನಮ್ಮವ್ರು ಬೈಕಲ್ಲಿ ತಂದಿಟ್ಟು ಹೋದ್ರು. ಪ್ರಿಂಟರಿಗೆ ನಂಗೂ ಅದೇ ಆಗ್ಬೇಕು, ನಿಮ್ಗೂ ಅದೇ ಆಗ್ಬೇಕು. ಅಲ್ಲ, ನಂಗೊಂದು ಹೇಳಿ, ಮುಯ್ಯಿ ಅಂದ್ರೆ ಎಂತ?”

ಕಾಮರ್ಸ್ ಮೇಷ್ಟರಿಗೆ ಕೇಳುವ ಪ್ರಶ್ನೆಯೇ. ಹಣವಿಲ್ಲದ ವಿನಿಮಯ ಪದ್ಧತಿ ಅಂತ ಶುರು ಮಾಡಿದೆ. ಅಕ್ಕ ಅರ್ಧಕ್ಕೇ ತಡೆದರು.

“ನಿಮ್ಮನೆ ಕೊಯ್ಲಿಗೆ ನಾವು ಬಂದ್ರೆ, ನೀವು ಉಪ್ಪಿನಕಾಯಿ ಕೊಟ್ಟು ಕಳಿಸಿದ್ರೆ ಮುಯ್ಯಿ ತೀರ್ತದಾ?”

“ಇಲ್ಲ.”

“ಮತ್ತೆಂತ ಮಾಡ್ಬೇಕು?”

“ನಾವೂ ನಿಮ್ಮನೆ ಕೊಯ್ಲಿಗೆ ಬರ್ಬೇಕು.”

“ಹಂಗಾರೆ ಬನ್ನಿ” ಎನ್ನುತ್ತ ಮೇಜಿನ ಅಡಿಯಿಂದ ಆ ಕಪ್ಪು ಚೀಲವನ್ನು ಕಾಲಿನಿಂದ ನನ್ನತ್ತ ತಳ್ಳಿದರು. “ಬೆಳಿಗ್ಗೆ ಇಲ್ಲಿಗೆ ತರೋದು, ಸಂಜೆ ನಿಮ್ಮ ನಿಮ್ಮ ಮನೆಗೆ ತಗೊಂಡು ಹೋಗೋದು. ಒಬ್ಬೊಬ್ರಿಗೆ ಒಂದೊಂದು ವಾರ. ಹನ್ನೊಂದು ವರ್ಷ ನಾನು ಬಂದಿದೀನಿ, ಈಗ ನಿಮ್ಮ ಸರದಿ.”

ಇಲ್ಲ ಅನ್ನುವ ಹಾಗಿಲ್ಲ. ಮುಯ್ಯಿಗೆ ಕರೆದಾಗ ಬರುವುದಿಲ್ಲ ಅಂದವರ ಮನೆಯ ಕೆಲಸಕ್ಕೆ ನಮ್ಮಲ್ಲಿ ಮತ್ತೆ ಯಾರೂ ಹೆಜ್ಜೆ ಇಡುವುದಿಲ್ಲ. ಮೊದಲ ವಾರ ಉಜ್ವಲ್ ಅದನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಓಡಾಡಿ ಮೊಣಕಾಲಿನ ಚರ್ಮ ಕೀಳಿಸಿಕೊಂಡ. ಎರಡನೇ ವಾರ ಮೇಡಂ ಮೂರನೇ ದಿನಕ್ಕೇ ಆಫೀಸಿನ ಗುಮಾಸ್ತರ ಕೈಯಲ್ಲಿ ಕಳಿಸಿದರು. ಅಕ್ಕ ಚೀಲವನ್ನು ಮುಟ್ಟಲಿಲ್ಲ. “ಸಹಿ ಯಾರದ್ದೋ, ಕೈಯೂ ಅವರದ್ದೇ ಆಗ್ಬೇಕು” ಅಂದರಂತೆ. ಮೇಡಂ ಬಂದರು, ಹೈಹೀಲ್ಸ್ ಬಿಟ್ಟು ಚಪ್ಪಲಿಯಲ್ಲಿ.

ಮೂರನೇ ವಾರ ನನ್ನದು. ಬೆಳಿಗ್ಗೆ ಹೇಗೂ ಸೀಟು ಸಿಗುತ್ತಿತ್ತು. ಸೋಮವಾರ ಸಂಜೆ ಕಾಲೇಜು ಮುಗಿಸಿ, ಜಗುಲಿಯಿಂದ ಚೀಲ ಎತ್ತಿಕೊಂಡು ಕೊಪ್ಪದ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಸ್ಸು ತುಂಬಿತ್ತು. ಒಂದು ಭುಜಕ್ಕೆ ಅಕ್ಕನ ದಪ್ಪದ್ದು, ಇನ್ನೊಂದಕ್ಕೆ ನನ್ನ ತೆಳ್ಳಗಿನದು. ದಪ್ಪದ್ದರ ಪಟ್ಟಿ ಭುಜವನ್ನು ಕೊಯ್ಯುತ್ತಿತ್ತು. ಅಕ್ಕ ಮೊದಲೇ ಹತ್ತಿ ಕಿಟಕಿ ಪಕ್ಕ ಕೂತಿದ್ದರು, ತೊಡೆಯ ಮೇಲೆ ಬೆಳ್ಳಿ ಬಣ್ಣದ್ದು. ನಾನು ಅವರ ಸೀಟಿನ ಹತ್ತಿರವೇ ಸರಳಿಗೆ ಜೋತುಬಿದ್ದೆ.

ಬಸ್ಸು ಹೊರಟು ಎರಡು ತಿರುವು ದಾಟುವಷ್ಟರಲ್ಲಿ ತಡೆಯಲಾಗಲಿಲ್ಲ. “ಎಂತ ಭಾರ ಅಕ್ಕ ಇದು! ದಿನಾ ಹೆಂಗೆ ಹೊತ್ಕೊಂಡು ಬರ್ತಿದ್ರಿ?” ಅಂದೆ.

“ಈಗಾದ್ರೂ ಕೇಳಿದ್ರಲ್ಲ” ಅಂದರು ಅಕ್ಕ.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ನನ್ನ ಕಡೆ ತಿರುಗಿ ಎಡಗೈ ಚಾಚಿದರು. “ಕೊಡಿ ಇಲ್ಲಿ, ತೊಡೆ ಮೇಲೆ ಇಟ್ಕೊಳ್ತೀನಿ.”

ನನಗೆ ಕಣ್ಣು ತುಂಬಿ ಬಂತು. ಎಷ್ಟಾದರೂ ದೊಡ್ಡ ಮನಸ್ಸು ಅಂದುಕೊಂಡು, ದಪ್ಪದ್ದರ ಪಟ್ಟಿಯನ್ನು ಭುಜದಿಂದ ಇಳಿಸತೊಡಗಿದೆ.

“ಅದಲ್ಲ ಮೇಷ್ಟ್ರೇ” ಅಂದರು ಅಕ್ಕ. “ಆ ತೆಳ್ಳಗಿಂದು ಕೊಡಿ. ಈ ಗಲಾಟೆಲಿ ಪಾಪ, ಅದಕ್ಕೆಂತಾದ್ರೂ ಆದ್ರೆ?”

ಕೊಟ್ಟೆ. ಅವರು ಅದನ್ನು ತಮ್ಮದರ ಮೇಲೆ ಇಟ್ಟುಕೊಂಡರು; ಎರಡೂ ಸೇರಿ ಹಳೆಯದರ ಅರ್ಧದಷ್ಟು ದಪ್ಪವೂ ಆಗಲಿಲ್ಲ. ನಾನು ದಪ್ಪದ್ದನ್ನು ಮತ್ತೆ ಭುಜಕ್ಕೇರಿಸಿ, ನಾರ್ವೆಯಲ್ಲಿ ಅಕ್ಕ ಇಳಿಯುವವರೆಗೂ ನಿಂತೇ ಹೋದೆ.